ಒಗ್ಗರಣೆಯ ಮುಂದೆ ನಿಲ್ಲಲಾರದ ಮೂಗು

ಪ್ರಯೋಗಕ್ಕೆ ಬಂದವರಿಗೆ ಮೂಗು ತೊಳೆಸಿಕೊಳ್ಳುವುದನ್ನು ಕಲಿಸುವುದರಿಂದ ನನ್ನ ಕೆಲಸ ಶುರುವಾಗುತ್ತಿತ್ತು. ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಹಿಂದಕ್ಕೆ ವಾಲಿಸಿ, ಉಗುರುಬೆಚ್ಚಗಿನ ಉಪ್ಪುನೀರನ್ನು ಸಿರಿಂಜಿನಿಂದ ಒಂದು ಹೊಳ್ಳೆಗೆ ಬಿಡುತ್ತಿದ್ದೆ. ಒಂದಿಷ್ಟು ಹೊತ್ತು ಉಸಿರೆಳೆಯಬಾರದು, ನುಂಗಬಾರದು, ನಗಬಾರದು. ನಗಬಾರದು ಎಂದ ಕೂಡಲೇ ಎಲ್ಲರಿಗೂ ನಗು ಬರುತ್ತಿತ್ತು. ಆಮೇಲೆ ಮುಂದಕ್ಕೆ ಬಾಗಿ ಆ ನೀರನ್ನು ಬಟ್ಟಲಿಗೆ ಇಳಿಸಬೇಕು. ಬಟ್ಟಲು ಮಂಜುಗಡ್ಡೆಯ ಮೇಲಿರುತ್ತಿತ್ತು. ಅಲ್ಲಿಂದ ಮುಂದೆ ಆ ನೀರು ನನ್ನದು.

ನಾನು ಡಾಕ್ಟರಲ್ಲ, ಜೀವರಸಾಯನದವಳು. ದಕ್ಷಿಣ ದೆಹಲಿಯ ಒಂದು ಆಸ್ಪತ್ರೆಗೆ ಅಂಟಿಕೊಂಡಿದ್ದ ಪ್ರಯೋಗಾಲಯದಲ್ಲಿ, ಕಿವಿ-ಮೂಗು-ಗಂಟಲಿನ ಹಿರಿಯ ವೈದ್ಯರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ನಮ್ಮ ಪ್ರಶ್ನೆ ಕೇಳಲು ಸರಳವಾಗಿತ್ತು. ಹೊಗೆಯೋ ಮೆಣಸಿನ ಘಾಟೋ ತಗುಲಿದಾಗ ಮೂಗಿನ ಒಳಪೊರೆಯ ನರದ ತುದಿಗಳು ನ್ಯೂರೋಪೆಪ್ಟೈಡ್ ಎಂಬ ಪುಟ್ಟ ಪುಟ್ಟ ಪ್ರೋಟೀನು ತುಣುಕುಗಳನ್ನು ಹೊರಬಿಡುತ್ತವೆ. ಅವು ರಕ್ತನಾಳಗಳನ್ನು ಹಿಗ್ಗಿಸುತ್ತವೆ, ಮೂಗು ಕಟ್ಟುತ್ತದೆ, ನೀರು ಸುರಿಯುತ್ತದೆ. ಅಷ್ಟಕ್ಕೇ ಬಿಟ್ಟರೆ ಒಂದು ಒಗ್ಗರಣೆಗೆ ಮೂಗು ದಿನವಿಡೀ ಸೋರಬೇಕು. ಹಾಗಾಗದಿರುವುದಕ್ಕೆ ಕಾರಣ, ಆ ತುಣುಕುಗಳನ್ನು ಕತ್ತರಿಸಿ ಹಾಕುವ ಕಿಣ್ವಗಳು. ಮುಖ್ಯವಾಗಿ ಎರಡು ಕತ್ತರಿಗಳು. ಒಂದು ಮೂಗಿನ ಪೊರೆಯಲ್ಲೇ ಕೂತಿರುತ್ತದೆ, ಇನ್ನೊಂದು ರಕ್ತನಾಳಗಳ ಗೋಡೆಯಲ್ಲೂ ರಕ್ತದಲ್ಲೂ ಇರುತ್ತದೆ. ಮನುಷ್ಯರ ಮೂಗಿನಲ್ಲಿ ಯಾವ ಕತ್ತರಿಯ ಪಾಲು ಎಷ್ಟು ಎಂದು ನಾವು ಅಳೆಯಲು ಹೊರಟಿದ್ದೆವು.

ಪ್ರಯೋಗ ಎರಡು ಹಂತದ್ದು. ಮೊದಲ ಸಲ ಪೆಪ್ಟೈಡನ್ನು ಅತಿ ಕಡಿಮೆ ಪ್ರಮಾಣದಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಏರಿಸುತ್ತ ಮೂಗಿಗೆ ಸಿಂಪಡಿಸುವುದು. ಗಾಳಿ ಎಷ್ಟು ಸರಾಗವಾಗಿ ಹೋಗುತ್ತದೆ ಎಂದು ಮುಖವಾಡ ಕಟ್ಟಿದ ಯಂತ್ರ ಗೆರೆ ಎಳೆಯುತ್ತಿತ್ತು. ರಕ್ತನಾಳಗಳಿಂದ ಎಷ್ಟು ಪ್ರೋಟೀನು ಸೋರಿದೆ ಎಂದು ಮೂಗು ತೊಳೆದ ನೀರು ಹೇಳುತ್ತಿತ್ತು. ಕೆಲವು ದಿನ ಬಿಟ್ಟು ಎರಡನೆಯ ಸಲ, ಮೊದಲನೆಯ ಕತ್ತರಿಯನ್ನು ತಡೆಯುವ ದ್ರಾವಣವನ್ನು ಮೊದಲೇ ಸಿಂಪಡಿಸಿ, ಆಮೇಲೆ ಅದೇ ಪೆಪ್ಟೈಡು. ಬೇಕಾದ ಅನುಮತಿಗಳೆಲ್ಲ ಇದ್ದವು. ತುರ್ತು ಔಷಧಿಗಳ ಟ್ರೇ ಪಕ್ಕದಲ್ಲೇ ಇರುತ್ತಿತ್ತು. ತಡೆಯುವ ದ್ರಾವಣವನ್ನು ತೂಗಿ ಕಲಸುವವಳು ನಾನೊಬ್ಬಳೇ.

ದೆಹಲಿಯ ಚಳಿಗಾಲದಲ್ಲಿ ಆರೋಗ್ಯವಂತ ಮೂಗು ಸಿಗುವುದೇ ದುರ್ಲಭ. ಬೆಳಗಿನ ಮಂಜಿಗೆ ಊರಿನ ಹೊಗೆಯೆಲ್ಲ ಸೇರಿಕೊಂಡು ಹತ್ತು ಗಂಟೆಯಾದರೂ ಬೀದಿ ಕಾಣುತ್ತಿರಲಿಲ್ಲ. ಬಂದವರಲ್ಲಿ ಅರ್ಧ ಜನ ಬಾಗಿಲಲ್ಲೇ ಸೀನಿ ವಾಪಸಾಗುತ್ತಿದ್ದರು. ಹಾಗಿರುವಾಗ ಮಧ್ಯಾಹ್ನದ ಊಟಕ್ಕೆ ನಾನು ಹೋಗುತ್ತಿದ್ದ ಓಖ್ಲಾದ ಹೋಟೆಲಿನ ಅಡುಗೆಯವರು ತಾವಾಗಿಯೇ ನನ್ನ ಮೇಜಿನ ಬಳಿ ಬಂದರು. ಗಾರ್ಮೆಂಟ್ ಘಟಕಗಳ ನಡುವೆ ಕುಂದಾಪುರದ ಕಡೆಯವರು ನಡೆಸುತ್ತಿದ್ದ ಹೋಟೆಲು ಅದು. ಅಡುಗೆಯವರಿಗೆ ಐವತ್ತು ದಾಟಿತ್ತು. ಮೂಗಿಗೆ ಒತ್ತಿಹಿಡಿದ ಟವೆಲು, ಕೆಂಪಾದ ಕಣ್ಣು.

“ಮೇಡಂ, ನೀವು ಮೂಗಿನ ಡಾಕ್ಟ್ರಂತಲ್ಲ?”

“ಡಾಕ್ಟರಲ್ಲ. ಮೂಗಿನ ನೀರು ಪರೀಕ್ಷೆ ಮಾಡೋಳು.”

“ಹಾಗಾದ್ರೆ ಸರಿಯಾದ ಜನ. ನನ್ನ ಹತ್ರ ನೀರು ಬೇಕಾದಷ್ಟುಂಟು.”

ನಕ್ಕೆ. ಅವರು ನಗಲಿಲ್ಲ. ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತೇ ಹೇಳಿದರು. ಮಳೆಗಾಲ ಮುಗಿದ ಮೇಲೆ ಶುರುವಾದದ್ದು. ಸಾಸಿವೆ ಸಿಡಿದು ಒಣಮೆಣಸು ಬಿತ್ತೆಂದರೆ ಮೂಗು ನಲ್ಲಿಯಾಗುತ್ತದೆ, ಜೊತೆಗೆ ಒಣಕೆಮ್ಮು. ಈ ಹೋಟೆಲಿನ ಅಡುಗೆಮನೆ ಗಿರಾಕಿಗಳಿಗೆ ಕಾಣುವಂಥದ್ದು. ಸಾಂಬಾರಿನ ಪಾತ್ರೆಯ ಮುಂದೆ ಮೂಗು ಒರೆಸಿಕೊಳ್ಳುವವನನ್ನು ನೋಡಿ ಯಾರು ಊಟ ಮಾಡುತ್ತಾರೆ? ಇಬ್ಬರು ಎದ್ದೇ ಹೋದರಂತೆ.

“ಧಣಿಗಳು ಹೇಳಿದ್ರು, ಸಂಕ್ರಾಂತಿ ಕಳೀಲಿ, ಊರಿಗೆ ಹೋಗಿ ಸ್ವಲ್ಪ ಸುಧಾರಿಸ್ಕೊ ಅಂತ. ಅದರ ಅರ್ಥ ನಂಗೊತ್ತಿಲ್ವಾ ಮೇಡಂ? ಇಪ್ಪತ್ತೈದು ವರ್ಷದಿಂದ ಇದೇ ಒಲೆ. ಊರಲ್ಲಿ ಎಂತ ಮಾಡೂದು? ಮಗಳು ಇಲ್ಲೇ ಒಂಬತ್ತನೇ ಕ್ಲಾಸು. ಕನ್ನಡ ಓದ್ಲಿಕ್ಕೇ ಬರೂದಿಲ್ಲ ಅದಕ್ಕೆ. ಊರಿನ ಶಾಲೆಗೆ ಹ್ಯಾಗೆ ಸೇರಿಸೂದು? ನಾನು ಹೇಳುವ ಮೊದಲೇ ಅದು ಟ್ರಂಕಿಗೆ ಬಟ್ಟೆಯೆಲ್ಲ ತುಂಬಿ ಬೀಗ ಹಾಕಿ ಇಟ್ಟಿದೆ. ಸಿಟ್ಟಿಗೆ.”

ಮರುದಿನವೇ ಆಸ್ಪತ್ರೆಗೆ ಕರೆಸಿಕೊಂಡೆ. ನಮ್ಮ ಮುಖ್ಯಸ್ಥರು ಟಾರ್ಚು ಬಿಟ್ಟು ನೋಡಿದರು, ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಿಸಿದರು. ಮೂಗಿನಲ್ಲಿ ಗಡ್ಡೆಯಿಲ್ಲ, ಸೋಂಕಿಲ್ಲ, ಧೂಳಿಗೆ ಅಲರ್ಜಿಯಿಲ್ಲ. ನಾನು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಇವರಿಗೆ ಕನ್ನಡದಲ್ಲೇ ಕೇಳಿದೆ. ಬೀಡಿ? ಇಲ್ಲ. ನಶ್ಯ? ಇಲ್ಲ. ಔಷಧಿ ಏನಾದರೂ ತಗೊಳ್ತೀರಾ? “ಛೆ, ಇಲ್ಲ ಮೇಡಂ. ಜ್ವರ ಬಂದ್ರೂ ಕಷಾಯ ಕುಡಿದು ಮಲಗುವವ ನಾನು.” ಪ್ರಯೋಗ ಏನೆಂದು ವಿವರಿಸಿದೆ. ಇದು ಚಿಕಿತ್ಸೆಯಲ್ಲ, ಕಾರಣ ತಿಳಿದರೂ ತಿಳಿಯಬಹುದು, ತಿಳಿಯದೆಯೂ ಇರಬಹುದು ಎಂದೆ. ಅವರು ಒಪ್ಪಿದರು. ಸಂಕ್ರಾಂತಿಯ ಗಡುವು ಹತ್ತಿರವಿದ್ದವರು ಯಾವುದಕ್ಕಾದರೂ ಒಪ್ಪುತ್ತಿದ್ದರೆಂದು ಆಗಲೇ ನನ್ನ ಮನಸ್ಸಿಗೆ ಚುಚ್ಚಿತ್ತು.

ಮೊದಲ ಸಿಂಪಡಣೆ ಉಳಿದವರಲ್ಲಿ ಏನೂ ಮಾಡುತ್ತಿರಲಿಲ್ಲ. ಯಂತ್ರದ ಗೆರೆ ಅಲುಗಾಡುತ್ತಲೂ ಇರಲಿಲ್ಲ. ಇವರ ಮೂಗಿಗೆ ಅದನ್ನು ಬಿಟ್ಟು ನಾನು ಗಡಿಯಾರದ ಕಡೆ ತಿರುಗುವುದರೊಳಗೆ ಗೆರೆ ಜಾರತೊಡಗಿತು. ಜಾರಿ ಜಾರಿ ತಳ ಹಿಡಿಯಿತು. ಮೂಗು ಪೂರ್ತಿ ಮುಚ್ಚಿಹೋಗಿತ್ತು. ನಮ್ಮ ನರ್ಸ್ ಹತ್ತಿರ ಹೋಗಿ ನೋಡಿದವರು, “ಮೇಡಂ, ಮೇಲ್ದುಟಿ ನೋಡಿ,” ಎಂದರು. ತುಟಿ ಒಂದು ಬದಿಗೆ ಊದಿಕೊಂಡಿತ್ತು. ಅಲ್ಲಿಗೆ ನಿಲ್ಲಿಸಿದೆವು. ಮುಖ್ಯಸ್ಥರು ಓಡಿ ಬಂದು ಇಂಜೆಕ್ಷನ್ ಕೊಟ್ಟರು, ಗಂಟಲು ನೋಡಿದರು, ಉಸಿರು ಕೇಳಿದರು. ಸಂಜೆಯವರೆಗೆ ಕೂರಿಸಿಕೊಂಡೆವು. ಅಡುಗೆಯವರ ಚಿಂತೆಯೆಲ್ಲ ಸಂಜೆಯ ಸಾಂಬಾರಿನದ್ದು. ಊದಿದ ತುಟಿಯಲ್ಲೇ, ಬೇಳೆ ಬೇಯಲಿಕ್ಕೆ ಹಾಕಿ ಬಂದಿದ್ದೇನೆ ಎಂದು ಗೊಣಗುತ್ತಿದ್ದರು.

ಆ ವಾರವೆಲ್ಲ ಅವರ ಮೂಗಿನ ನೀರನ್ನೂ ರಕ್ತವನ್ನೂ ಅಳೆದೆ. ವಿಧಾನ ಇಷ್ಟೇ: ಕತ್ತರಿಸಿದಾಗ ಮಾತ್ರ ಬೆಳಗುವ ಒಂದು ಪದಾರ್ಥವನ್ನು ಕೊಳವೆಗೆ ಹಾಕುವುದು, ಬೆಳಕು ಎಷ್ಟು ಬೇಗ ಏರುತ್ತದೆಂದು ನೋಡುವುದು. ಮೊದಲನೆಯ ಕತ್ತರಿಯ ಬೆಳಕು ಎಲ್ಲರಷ್ಟೇ ಏರಿತು. ಎರಡನೆಯದರ ಕೊಳವೆ ಕತ್ತಲೆಯಾಗಿಯೇ ಉಳಿಯಿತು. ಮೂಗಿನ ನೀರಿನಲ್ಲೂ ಇಲ್ಲ, ರಕ್ತದಲ್ಲೂ ಇಲ್ಲ. ನನಗೆ ನಂಬಿಕೆ ಬರಲಿಲ್ಲ. ಕರೆಂಟು ಹೋದಾಗ ಫ್ರೀಜರು ಬೆಚ್ಚಗಾಗಿ ಮಾದರಿ ಕೆಟ್ಟಿತೇ? ಪುಡಿ ಹಳೆಯದಾಯಿತೇ? ಹೊಸ ಪುಡಿ ಕಲಸಿದೆ, ಹೊಸದಾಗಿ ರಕ್ತ ತೆಗೆಸಿದೆ. ಜೊತೆಗೆ ನನ್ನ ರಕ್ತವನ್ನೂ ಇಟ್ಟೆ. ನನ್ನದು ಚೆನ್ನಾಗಿ ಬೆಳಗಿತು. ಅವರದು ಮತ್ತೆ ಕತ್ತಲೆ.

ಮುಖ್ಯಸ್ಥರ ಸಂತೋಷಕ್ಕೆ ಪಾರವಿರಲಿಲ್ಲ. ಅವರು ಹಿಂದಿಯಲ್ಲಿ ಮಾತಾಡುತ್ತಿದ್ದವರು. ಖುಷಿಯಾದರೆ ಕೈ ಉಜ್ಜಿಕೊಳ್ಳುವ ಅಭ್ಯಾಸ. “ಅರೇ, ಹುಟ್ಟಿನಿಂದಲೇ ಆ ಕಿಣ್ವ ಇಲ್ಲದ ಮನುಷ್ಯ! ಇಂಥವನು ಜೀವಮಾನದಲ್ಲಿ ಒಬ್ಬ ಸಿಗುತ್ತಾನೆ. ಎರಡನೆಯ ಕತ್ತರಿ ಇವನಲ್ಲಿ ಇಲ್ಲವೇ ಇಲ್ಲ. ಮೊದಲನೆಯದನ್ನೂ ತಡೆದರೆ ಪೂರ್ತಿ ಚಿತ್ರ ಸಿಗುತ್ತದೆ.” ಗೋಡೆಯ ಬಿಳಿ ಹಲಗೆಯ ಮೇಲೆ ಲೇಖನದ ಶೀರ್ಷಿಕೆಯನ್ನೂ ಬರೆದುಬಿಟ್ಟರು. ಎರಡನೆಯ ಹಂತಕ್ಕೆ ದಿನ ಗೊತ್ತಾಯಿತು. ಪ್ರಮಾಣ ತೀರಾ ಕಡಿಮೆ ಇರಲಿ ಎಂದರು. ಹಿಂದಿನ ಸಲವೂ ತೀರಾ ಕಡಿಮೆಯೇ ಇತ್ತು.

ನನಗೆ ಎರಡು ವಿಷಯ ಒಪ್ಪಿಗೆಯಾಗಲಿಲ್ಲ. ಹುಟ್ಟಿನಿಂದ ಇಲ್ಲವಾದರೆ ಇಪ್ಪತ್ತೈದು ವರ್ಷ ಒಲೆಯ ಮುಂದೆ ನಿಂತ ಮೂಗು ಈ ಮಳೆಗಾಲದ ಮೇಲೇ ಏಕೆ ಸೋರಬೇಕು? ವಯಸ್ಸಾಯಿತಲ್ಲ ಎಂದರು ಮುಖ್ಯಸ್ಥರು. ಇನ್ನೊಂದು ವಿಷಯ ಆ ತುಟಿ. ಎರಡೂ ಕಿಣ್ವಗಳನ್ನು ಒಟ್ಟಿಗೆ ಕಟ್ಟಿಹಾಕುವ ಮಾತ್ರೆಯೊಂದನ್ನು ತರಲು ಹೊರಟವರು, ಕೆಲವರ ಮುಖ, ನಾಲಿಗೆ, ಗಂಟಲು ಊದಿಕೊಂಡದ್ದನ್ನು ಕಂಡು ಹಿಂದೆ ಸರಿದ ಸುದ್ದಿ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂಗು ಮುಚ್ಚಿದರೆ ಬಾಯಿಂದ ಉಸಿರಾಡಬಹುದು. ಗಂಟಲು ಮುಚ್ಚಿದರೆ ಎಲ್ಲಿಂದ?

ಕಿಣ್ವ ಇಲ್ಲದಿರುವುದು ಬೇರೆ, ಇದ್ದೂ ಕೆಲಸ ಮಾಡದಿರುವುದು ಬೇರೆ. ಕೊಳವೆಯ ಕತ್ತಲೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸಲು ಹಳೆಯ ಉಪಾಯವೊಂದಿದೆ: ಬೆರಕೆ. ಅಡುಗೆಯವರ ರಕ್ತದಿಂದ ಬೇರ್ಪಡಿಸಿದ ತಿಳಿಗೆ ನನ್ನ ರಕ್ತದ ತಿಳಿಯನ್ನು ಸಮಸಮ ಬೆರೆಸಿದೆ. ಅವರಲ್ಲಿ ಕಿಣ್ವ ಬರೀ ಇಲ್ಲದಿದ್ದರೆ ನನ್ನದು ತನ್ನ ಪಾಲಿನ ಕೆಲಸ ಮಾಡಬೇಕು, ಅರ್ಧ ಬೆಳಕಾದರೂ ಬರಬೇಕು. ಯಂತ್ರದ ಮುಂದೆ ಕೂತು ನೋಡಿದೆ. ಬೆಳಕು ಬರಲಿಲ್ಲ. ನನ್ನ ಕಿಣ್ವವೂ ಸುಮ್ಮನಾಗಿಬಿಟ್ಟಿತ್ತು. ನರ್ಸ್ ಅವರ ರಕ್ತ ಕೇಳಿ ಪಡೆದು ಮತ್ತೆ ಮಾಡಿದೆ. ಅದೇ ಕತೆ. ಆಮೇಲೆ ಅವರ ರಕ್ತದ ತಿಳಿಗೆ ನೀರು ಬೆರೆಸಿ ಬೆರೆಸಿ ತೆಳ್ಳಗೆ ಮಾಡುತ್ತ ಹೋದೆ. ತೆಳ್ಳಗಾದಷ್ಟೂ ಬೆಳಕು ಮೇಲೇಳತೊಡಗಿತು. ಕಿಣ್ವ ಅಲ್ಲೇ ಇತ್ತು. ಏನೋ ಒಂದು ಅದರ ಕೈ ಹಿಡಿದುಕೊಂಡಿತ್ತು, ನೀರು ಹೆಚ್ಚಿದಂತೆ ಆ ಹಿಡಿತ ಸಡಿಲುತ್ತಿತ್ತು. ಹಾಗೆ ಕೈ ಹಿಡಿಯುವ ವಸ್ತು ಎಲ್ಲ ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಆ ಕಿಣ್ವವೇ ರಕ್ತದೊತ್ತಡವನ್ನು ಏರಿಸುವುದರಿಂದ, ಅದನ್ನು ತಡೆಯುವ ಮಾತ್ರೆಗಳನ್ನು ಬಿಪಿಗೆ ಕೊಡುತ್ತಾರೆ. ಕೆಲವರಿಗೆ ಅದರಿಂದ ಒಣಕೆಮ್ಮು ಹಿಡಿಯುವುದು ಡಾಕ್ಟರುಗಳಿಗೆ ಗೊತ್ತಿದ್ದದ್ದೇ.

ಫಲಿತಾಂಶ ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಆದರೆ ಯಾವ ಔಷಧಿಯೂ ಇಲ್ಲ ಎಂದು ಅವನೇ ಹೇಳಿದ್ದಾನೆ. ನೀವೇ ನಿಮ್ಮ ಭಾಷೆಯಲ್ಲಿ ಕೇಳಿದ್ದೀರಿ.”

“ಹೌದು ಸರ್.”

“ಅಚ್ಛಾ. ಹಾಗಾದರೆ ಅವನ ದೇಹವೇ ಅದನ್ನು ತಯಾರಿಸುತ್ತಿರಬೇಕು. ಇದು ಇನ್ನೂ ದೊಡ್ಡ ವಿಷಯ. ನಾಡಿದ್ದಿನ ಪ್ರಯೋಗ ನಡೆಯಲಿ.”

ಅವರು ಕೆಟ್ಟವರಲ್ಲ. ಒಳ್ಳೆಯ ಡಾಕ್ಟರು. ದೊಡ್ಡದೊಂದು ಕೈಗೆ ಸಿಕ್ಕಿತೆಂಬ ಆಸೆ ಎಂಥವರ ಕಣ್ಣಿಗೂ ಪೊರೆ ಕಟ್ಟುತ್ತದೆ. ಆದರೆ ನನಗೆ ಆ ಕ್ಷಣ ಬಂದದ್ದು ಕನಿಕರವಲ್ಲ, ಸಿಟ್ಟು. “ನಾನು ತಡೆಯ ದ್ರಾವಣ ಕಲಸುವುದಿಲ್ಲ ಸರ್,” ಎಂದೆ.

“ಬೇರೆಯವರು ಕಲಸುತ್ತಾರೆ.”

“ಕಲಸಲಿ. ನಾನು ಯಾಕೆ ಕಲಸಲಿಲ್ಲ ಅಂತ ಅಡುಗೆಯವರಿಗೆ ಕನ್ನಡದಲ್ಲಿ ಹೇಳ್ತೀನಿ.”

ಕೆಲಸ ಹೋಯಿತು ಎಂದೇ ಎಣಿಸಿದ್ದೆ. ಅವರು ಕನ್ನಡಕ ತೆಗೆದಿಟ್ಟು, “ನಾಡಿದ್ದಿನವರೆಗೆ ಸಮಯವಿದೆ. ಕಾರಣ ತನ್ನಿ,” ಎಂದರು.

ಮರುದಿನ ಬೆಳಿಗ್ಗೆಯೇ ಹೊರಟೆ. ಮೆಟ್ರೊ ನನ್ನ ಮನೆಯಿದ್ದ ಪೀತಮ್‌ಪುರಕ್ಕೆ ಬಂದಿತ್ತು, ಓಖ್ಲಾಕ್ಕೆ ಇನ್ನೂ ಬಂದಿರಲಿಲ್ಲ. ಅರ್ಧ ದಾರಿ ರೈಲು, ಉಳಿದರ್ಧ ಆಟೋ. ಮಂಜಿನಲ್ಲಿ ಆಟೋದವನು ಮುಂದಿನ ಲಾರಿಯ ಕೆಂಪು ದೀಪವನ್ನೇ ನಂಬಿಕೊಂಡು ಓಡಿಸಿದ. ಅಡುಗೆಯವರನ್ನು ಒಬ್ಬರೇ ಸಿಕ್ಕಾಗ ಇನ್ನೊಮ್ಮೆ ಕೇಳಬೇಕು, ಮನೆಯಲ್ಲಿ ಅವರ ಹೆಂಡತಿಯನ್ನೂ ಕೇಳಬೇಕು ಎಂದು ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಹೋಟೆಲಿನ ಶಟರು ಅರ್ಧ ಮಾತ್ರ ಎತ್ತಿತ್ತು. ಬಗ್ಗಿ ಒಳಗೆ ಹೋದೆ. ಗಿರಾಕಿಗಳು ಬರುವ ಮೊದಲು, ದಿನದ ಮೊದಲ ಡಿಕಾಕ್ಷನ್ ಇಳಿದ ಕೂಡಲೇ, ಧಣಿಯೂ ಅಡುಗೆಯವರೂ ಎದುರುಬದುರು ಕೂತು ಕಾಫಿ ಕುಡಿಯುವುದು ಅಲ್ಲಿಯ ರೂಢಿಯಂತೆ. ಹೋಟೆಲು ಶುರುವಾದ ದಿನದಿಂದ ಒಂದು ದಿನವೂ ತಪ್ಪಿಲ್ಲವಂತೆ. ನನಗೂ ಒಂದು ಲೋಟ ಬಂತು. ಧಣಿ ಹಣೆಗೆ ಗಂಧ ಇಟ್ಟುಕೊಂಡಿದ್ದ ಭಾರಿ ಆಳು. ಮಾತಾಡುತ್ತಲೇ ಅಂಗಿಯ ಜೇಬಿನಿಂದ ಮಾತ್ರೆಯ ಪಟ್ಟಿಯೊಂದನ್ನು ತೆಗೆದರು. ಒಂದನ್ನು ಒತ್ತಿ ತಮ್ಮ ಬಾಯಿಗೆ ಹಾಕಿಕೊಂಡರು. ಇನ್ನೊಂದನ್ನು ಒತ್ತಿ, ನೋಡದೆಯೇ, ಅಡುಗೆಯವರು ಚಾಚಿದ್ದ ಅಂಗೈಗೆ ಬೀಳಿಸಿದರು. ತೀರ್ಥ ತೆಗೆದುಕೊಂಡಷ್ಟೇ ಸಹಜವಾಗಿ ಅವರು ಅದನ್ನು ಕಾಫಿಯ ಜೊತೆ ನುಂಗಿದರು.

ನಾನು ಮುಂದಕ್ಕೆ ಬಾಗಿದೆ. “ಅದೇನು ನುಂಗಿದ್ದು?”

“ಇದಾ? ಇದು ಧಣಿಗಳ ಮಾತ್ರೆ,” ಎಂದರು ಅಡುಗೆಯವರು.

ಧಣಿ ಹೆಮ್ಮೆಯಿಂದಲೇ ಬಿಡಿಸಿ ಹೇಳಿದರು. “ಬಿಪಿದು ಮೇಡಂ. ಮಳೆಗಾಲದಲ್ಲಿ ಇಲ್ಲೇ ಫ್ರೀ ಕ್ಯಾಂಪ್ ಮಾಡಿದ್ರಲ್ಲ, ಇವನದ್ದು ನೋಡಿದ್ರೆ ನನಗಿಂತ ಜಾಸ್ತಿ. ಡಾಕ್ಟ್ರ ಹತ್ರ ಹೋಗು ಮಾರಾಯ ಅಂತ ಬೇಡಿಕೊಂಡೆ. ಹೋದ್ರೆ ತಾನೆ? ಒಲೆ ಮುಂದೆ ಬಿದ್ದು ಸಾಯ್ತಾನೆ ಅಂತ ನನ್ನದರಲ್ಲೇ ಕೊಡ್ತೇನೆ. ನನಗೆ ಹಿಡಿದದ್ದು ಅವನಿಗೆ ಹಿಡೀಲಿಕ್ಕಿಲ್ವಾ?”

ಪಟ್ಟಿಯನ್ನು ತೆಗೆದುಕೊಂಡು ಹೆಸರು ಓದಿದೆ. ನಾನು ಹುಡುಕುತ್ತಿದ್ದ ಮಾತ್ರೆಯೇ. ನಾಳೆ ಇದೇ ಹೊತ್ತಿನಲ್ಲಿ ಇವರು ಇದನ್ನು ನುಂಗಿ, ನಮ್ಮ ಕುರ್ಚಿಗೆ ಬಂದು ಕೂತು, ತಲೆ ಹಿಂದಕ್ಕೆ ವಾಲಿಸುತ್ತಿದ್ದರು.

“ಔಷಧಿ ತಗೊಳ್ತೀರಾ ಅಂತ ಕೇಳಿದ್ದೆನಲ್ಲ? ಯಾಕೆ ಹೇಳ್ಲಿಲ್ಲ?” ನನ್ನ ದನಿ ಏರಿತ್ತು.

ಅಡುಗೆಯವರು ಧಣಿಯನ್ನು ನೋಡಿದರು, ನನ್ನನ್ನು ನೋಡಿದರು. “ನಂದಲ್ವಲ್ಲ ಮೇಡಂ ಅದು. ಧಣಿಗಳಿಗೆ ಬಿಪಿ ಉಂಟು ಅಂತ ನಾನು ಹೊರಗಿನವರ ಹತ್ರ ಹೇಳಿಕೊಂಡು ತಿರುಗ್ಲಿಕ್ಕೆ ಆಗ್ತದಾ?”

ನನ್ನ ಸಿಟ್ಟು ಅಲ್ಲೇ ಕುಸಿಯಿತು. ಅವರ ಲೆಕ್ಕದಲ್ಲಿ ಅದು ಸುಳ್ಳೇ ಅಲ್ಲ. ಔಷಧಿಯ ಹೆಸರು ಹೇಳಿದರೆ ಯಜಮಾನರ ಕಾಯಿಲೆಯ ಹೆಸರನ್ನೂ ಹೇಳಿದಂತೆ. ಇಪ್ಪತ್ತೈದು ವರ್ಷ ಒಂದೇ ಒಲೆಯ ಅನ್ನ ಉಂಡವರು ಅದನ್ನು ಹೊರಗಿನ ಹೆಂಗಸೊಬ್ಬಳ ಮುಂದೆ ಆಡುವುದಿಲ್ಲ.

ಕೂತು ನಿಧಾನವಾಗಿ ಹೇಳಿದೆ. ಈ ಮಾತ್ರೆ ಒಳ್ಳೆಯದೇ, ಆದರೆ ಎಲ್ಲರಿಗೂ ಒಗ್ಗುವುದಿಲ್ಲ. ಇವರ ಮೂಗಿನಲ್ಲಿ ಘಾಟನ್ನು ಅಡಗಿಸಬೇಕಾದ ಕಿಣ್ವವನ್ನು ಇದು ಕಟ್ಟಿಹಾಕಿದೆ. ಮೂಗು ಸೋರುವುದು ಇದರಿಂದಲೇ ಇರಬೇಕು, ಕೆಮ್ಮು ಇದರಿಂದಲೇ ಇರಬೇಕು. ತುಟಿ ಊದಿದ್ದಂತೂ ಹುಡುಗಾಟವಲ್ಲ. ಧಣಿ ಲೋಟ ಕೆಳಗಿಟ್ಟರು.

“ಅಂದ್ರೆ ಮೇಡಂ, ನಾನೇ ಕೈಯಾರೆ ಕೊಟ್ಟದ್ದು. ಆಮೇಲೆ ಅದೇ ಕಾರಣಕ್ಕೆ ನಾನೇ ಇವನನ್ನು ಊರಿಗೆ ಅಟ್ಟಲಿಕ್ಕೆ ಹೊರಟದ್ದಾ?”

ಅಡುಗೆಯವರು, “ಬಿಡಿ ಧಣಿ, ನಿಮ್ಗೆಂತ ಗೊತ್ತು,” ಎಂದು ಎದ್ದು ಲೋಟಗಳನ್ನು ಒಟ್ಟು ಮಾಡತೊಡಗಿದರು. ಧಣಿ ಅವರ ಕೈಯಿಂದ ಲೋಟ ಕಸಿದು ಮೇಜಿನ ಮೇಲಿಟ್ಟರು. ಅವತ್ತು ಗಲ್ಲಾಪೆಟ್ಟಿಗೆಯನ್ನು ಸಪ್ಲೈಯರ್ ಒಬ್ಬನಿಗೆ ಒಪ್ಪಿಸಿ, ತಾವೇ ಅವರನ್ನು ನಮ್ಮ ಆಸ್ಪತ್ರೆಯ ಫಿಜಿಶಿಯನ್ ಬಳಿ ಕರೆತಂದರು. ಸರದಿಯ ಬೆಂಚಿನ ಮೇಲೆ ಇಬ್ಬರೂ ಒಂದೇ ಶಾಲು ಹೊದ್ದು ಕೂತಿದ್ದನ್ನು ನಾನು ಮಹಡಿಯಿಂದ ನೋಡಿದೆ. ಬಿಪಿ ಜಾಸ್ತಿಯೇ ಇತ್ತು. ಬೇರೆ ಜಾತಿಯ ಮಾತ್ರೆ ಬರೆದುಕೊಟ್ಟರು, ಅಡುಗೆಯವರ ಸ್ವಂತ ಹೆಸರಿನಲ್ಲಿ.

ಮುಖ್ಯಸ್ಥರ ಮೇಜಿನ ಮೇಲೆ ನಾನು ಆ ಪಟ್ಟಿಯನ್ನು ಇಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ದಿನಾ ಬೆಳಿಗ್ಗೆ?”

“ದಿನಾ ಬೆಳಿಗ್ಗೆ ಸರ್. ಕಾಫಿ ಜೊತೆ.”

ಎದ್ದು ಹೋಗಿ ಬಿಳಿ ಹಲಗೆಯ ಮೇಲಿನ ಶೀರ್ಷಿಕೆಯನ್ನು ಅಂಗೈಯಿಂದಲೇ ಒರೆಸಿದರು. ಕೈಗೆ ನೀಲಿ ಹತ್ತಿತು. ಅದನ್ನು ನೋಡುತ್ತ ನಿಂತವರು, “ನಾಳೆ ಏನಾಗುತ್ತಿತ್ತು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಏನೂ ಆಗದೆಯೂ ಇರಬಹುದಿತ್ತು. ಇವತ್ತಿಗೂ ಗೊತ್ತಿಲ್ಲ, ಮತ್ತು ಗೊತ್ತಾಗದೆ ಉಳಿದದ್ದಕ್ಕೆ ಸಮಾಧಾನಪಟ್ಟ ಒಂದೇ ಪ್ರಶ್ನೆ ನನ್ನ ವೃತ್ತಿಯಲ್ಲಿ ಅದು. ಆ ವಾರ, ಅದುವರೆಗೆ ಪ್ರಯೋಗಕ್ಕೆ ಬಂದಿದ್ದವರನ್ನೆಲ್ಲ ಮತ್ತೆ ಕರೆಸಿ ವಿಚಾರಿಸಿದೆವು. ಔಷಧಿ ತಗೊಳ್ತೀರಾ ಎಂದು ನಾನು ಆಮೇಲೆ ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಏನೇನು ಹೋಯಿತು, ಯಾರು ಕೊಟ್ಟರು ಎಂದು ಕೇಳುತ್ತಿದ್ದೆ. ಹೆಂಡತಿಯದ್ದು, ಅಣ್ಣನದ್ದು, ಪಕ್ಕದ ಮನೆಯವರದ್ದು ಎಂದು ಮಾತ್ರೆಗಳು ಹೊರಬರುತ್ತಿದ್ದವು. ಕೆಲವರ ಅಂಕಿಗಳನ್ನು ಕೈಬಿಡಬೇಕಾಯಿತು, ಕೆಲಸ ಒಂದು ಋತುವಿನಷ್ಟು ಹಿಂದೆ ಬಿತ್ತು.

ಸಂಕ್ರಾಂತಿ ಕಳೆಯಿತು. ಅಡುಗೆಯವರನ್ನು ಯಾರೂ ಊರಿಗೆ ಹೋಗು ಎನ್ನಲಿಲ್ಲ. ಆದರೆ ಅವರಿಗೆ ತಮ್ಮ ಮೂಗಿನ ಮೇಲೇ ನಂಬಿಕೆ ಹೋಗಿತ್ತು. ನೀರು ನಿಂತಿತು, ಕೆಮ್ಮು ನಿಧಾನವಾಗಿ ಇಳಿಯಿತು, ಆದರೂ ಊಟಕ್ಕೆ ಹೋದಾಗಲೆಲ್ಲ, “ಪರೀಕ್ಷೆ ಇನ್ನೊಂದು ಸಲ ಆಗ್ಲಿ ಮೇಡಂ. ಅಷ್ಟರವರೆಗೆ ಟ್ರಂಕಿನ ಬೀಗ ತೆಗೆಯೂದು ಬೇಡ ಅಂತ ಹೇಳಿದ್ದೇನೆ,” ಎನ್ನುತ್ತಿದ್ದರು. ಮಗಳು ದಿನಾ ಟ್ರಂಕಿನ ಮೇಲೆ ಕೂತೇ ಓದಿಕೊಳ್ಳುತ್ತಿದ್ದಳಂತೆ.

ಸೆಮಲ್ ಎಂದು ಇಲ್ಲಿಯವರು ಕರೆಯುವ ಬೂರುಗದ ಮರಗಳು ಕೆಂಪಗೆ ಹೂಬಿಟ್ಟ ಹೊತ್ತಿಗೆ ಅವರು ಮತ್ತೆ ನಮ್ಮ ಕುರ್ಚಿಯಲ್ಲಿ ಕೂತರು. ಮುಖ್ಯಸ್ಥರು ತಾವೇ ಪಕ್ಕದಲ್ಲಿ ನಿಂತರು, ಟ್ರೇಯ ಮುಚ್ಚಳ ತೆಗೆದಿತ್ತು. ಮೊದಲ ಹಂತವನ್ನಷ್ಟೇ, ಅದೇ ಅತಿ ಕಡಿಮೆ ಪ್ರಮಾಣದಲ್ಲಿ ಮಾಡುವುದೆಂದು ಒಪ್ಪಿದ್ದೆವು. ಸಿಂಪಡಿಸಿದೆ. ಈ ಸಲ ನಾನು ಗಡಿಯಾರದ ಕಡೆ ತಿರುಗಲಿಲ್ಲ. ಗೆರೆಯನ್ನು ನೋಡಿದೆ, ತುಟಿಯನ್ನು ನೋಡಿದೆ, ಮತ್ತೆ ಗೆರೆಯನ್ನು ನೋಡಿದೆ. ಗೆರೆ ನೇರವಾಗಿ ನಡೆಯಿತು. ಬೆರಕೆಯಿಲ್ಲದೆಯೇ ಅವರ ರಕ್ತದ ಕೊಳವೆ ಅವತ್ತು ನನ್ನದರಷ್ಟೇ ಬೆಳಗಿತ್ತು. ಇಷ್ಟು ಸಾಧಾರಣ ಫಲಿತಾಂಶಕ್ಕೆ ನಾನು ಖುಷಿಪಟ್ಟದ್ದು ಅದೊಂದೇ ಸಲ.

“ಎಂತ ಆಯ್ತು ಮೇಡಂ?” ಮುಖವಾಡ ಬಿಚ್ಚಿದ ಕೂಡಲೇ ಕೇಳಿದರು.

“ಏನೂ ಆಗಲಿಲ್ಲ.”

“ವಿಶೇಷ ಎಂತದೂ ಇಲ್ವಾ?”

“ಇಲ್ಲ. ನಿಮ್ಮದು ಎಲ್ಲರಂಥದೇ ಮೂಗು.”

ಅವರು ಜೇಬಿನಿಂದ ಮೊಬೈಲು ತೆಗೆದು ಮನೆಗೆ ಹಚ್ಚಿದರು. “ಮಗಾ, ಎಂತದೂ ಇಲ್ಲಂತೆ. ಹೌದು, ಎಲ್ಲರ ಹಾಗೇ ಅಂತೆ.” ಆ ಕಡೆಯ ದನಿ ಕೋಣೆಯಲ್ಲಿದ್ದ ನಮಗೆಲ್ಲ ಕೇಳಿಸುವಷ್ಟು ಜೋರಾಗಿತ್ತು: “ಸಚ್ಚಿ? ತೋ ಟ್ರಂಕ್ ಖೋಲ್ ದೂಂ, ಪಪ್ಪಾ?”

“ಖೋಲ್ ದೇ ಮಗಾ, ಖೋಲ್ ದೇ, ಬೀಗ ತೆಗಿ,” ಎಂದರು ಅಡುಗೆಯವರು. ಆಮೇಲೆ ಗೋಡೆಯ ಕಡೆ ತಿರುಗಿ ಹೆಗಲ ಟವೆಲಿನಿಂದ ಕಣ್ಣನ್ನೂ ಮೂಗನ್ನೂ ಒರೆಸಿಕೊಂಡರು. ನರ್ಸ್ ಅಭ್ಯಾಸದಿಂದ ಮಂಜುಗಡ್ಡೆಯ ಮೇಲಿನ ಬಟ್ಟಲನ್ನು ನನ್ನ ಕಡೆ ಸರಿಸಿದರು. ನಾನು ಅದನ್ನು ಮುಟ್ಟಲಿಲ್ಲ.